ಅಜ್ಜಿಯ ತೊಟ್ಟಿಲು ಮಾರಿದ ಭಾನುವಾರ

ಆ ಭಾನುವಾರ ನನ್ನ ತಂಗಿ ನಾಲ್ಕು ತಿಂಗಳ ಬಸುರಿ. ನನಗೆ ಗೊತ್ತಿರಲಿಲ್ಲ. ಅವಳ ಎದುರಿಗೇ ನಾನು ನಮ್ಮ ಅಜ್ಜಿಯ ತೊಟ್ಟಿಲನ್ನು ಮಾರಿದೆ.

ಇದನ್ನು ಈವರೆಗೆ ಇಬ್ಬರಿಗೆ ಹೇಳಿದ್ದೇನೆ. ಒಮ್ಮೆ ಗಂಡನಿಗೆ, ಒಮ್ಮೆ ಇಲ್ಲಿ ಐರ್ಲೆಂಡಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಒಬ್ಬ ಮಲಯಾಳಿ ನರ್ಸಿಗೆ. ಇಬ್ಬರದ್ದೂ ಒಂದೇ ಮಾತು. ನಿನಗೆ ಗೊತ್ತೇ ಇರಲಿಲ್ಲವಲ್ಲ, ನಿನ್ನದು ಎಂತ ತಪ್ಪು? ಕೇಳಲಿಕ್ಕೆ ಹಿತವಾಗಿಯೇ ಇರುತ್ತದೆ. ಆದರೆ ಇಬ್ಬರಿಗೂ ನಾನು ಪೂರ್ತಿ ಹೇಳಲಿಲ್ಲ. ನನಗೆ ಅನುಕೂಲವಾಗುವಷ್ಟು ಹೇಳಿ ಉಳಿದದ್ದನ್ನು ನುಂಗಿಕೊಂಡೆ. ಈಗ ಪೂರ್ತಿ ಬರೆಯುತ್ತೇನೆ. ಓದಿದವರು ಬೇಕಾದರೆ ಆಮೇಲೆ ಸಮಾಧಾನ ಹೇಳಲಿ.

ಹದಿನೇಳು ವರ್ಷ ನಾನು ಮಣಿಪಾಲದಲ್ಲಿ ನರ್ಸ್ ಆಗಿದ್ದೆ, ಅದರಲ್ಲಿ ಆರು ವರ್ಷ ಹೆರಿಗೆ ವಾರ್ಡಿನಲ್ಲಿ. ನನ್ನದು ಬಾಯಿ ಜೋರು. ನನ್ನ ಚಪ್ಪಲಿಯ ಸದ್ದು ಕೇಳಿದರೆ ಹೊಸ ಹುಡುಗಿಯರು ಫೋನನ್ನು ಕಿಸೆಗೆ ಹಾಕಿ ಎದ್ದು ನಿಲ್ಲುತ್ತಿದ್ದರು, ನನಗೆ ಅದು ಖುಷಿಯೇ. ಮನೆಯಲ್ಲೂ ಹಾಗೆಯೇ. ಗಂಡ ಟವೆಲನ್ನು ಎಲ್ಲಿ ಒಣಗಿಸಬೇಕು ಎಂಬುದರಿಂದ ಹಿಡಿದು ಪಕ್ಕದ ಮನೆಯವರು ಕಾರನ್ನು ಎಲ್ಲಿ ನಿಲ್ಲಿಸಬೇಕು ಎಂಬಲ್ಲಿಯವರೆಗೆ ಎಲ್ಲದಕ್ಕೂ ನನ್ನದೊಂದು ಅಭಿಪ್ರಾಯ ಉಂಟು, ಅದನ್ನು ಹೇಳದಿದ್ದರೆ ನನಗೆ ತಿಂದದ್ದು ಕರಗುವುದಿಲ್ಲ. ಐರ್ಲೆಂಡಿನಿಂದ ಕೆಲಸದ ಪತ್ರ ಬಂದು, ಗಂಡ, ಮಗಳು, ನಾನು ಮೂವರೂ ಒಟ್ಟಿಗೆ ಹೊರಡುವುದೆಂದು ಆದಾಗ ಫ್ಲ್ಯಾಟ್ ಖಾಲಿ ಮಾಡುವ ಕೆಲಸವನ್ನು ನಾನೊಬ್ಬಳೇ ಕೈಗೆ ತೆಗೆದುಕೊಂಡೆ. ಆರು ವಾರ ಸಮಯ ಇತ್ತು. ಮೂರು ಬಣ್ಣದ ಚೀಟಿ ತಂದೆ. ಕೆಂಪು ಮಾರಲಿಕ್ಕೆ, ಹಸಿರು ಸುಮ್ಮನೆ ಕೊಡಲಿಕ್ಕೆ, ಹಳದಿ ಜೊತೆಗೆ ಕೊಂಡುಹೋಗಲಿಕ್ಕೆ. ಹಳದಿ ಚೀಟಿ ಅಂಟಿಸಿದ ಸಾಮಾನು ಮೂರು ಸೂಟ್‌ಕೇಸಿಗಿಂತ ಹೆಚ್ಚಾಗಬಾರದು.

ಕೇಳಲಿಕ್ಕೆ ಇದೆಲ್ಲ ಸುಲಭ. ಸ್ಕೂಟರನ್ನು ಒಬ್ಬ ವಿದ್ಯಾರ್ಥಿ ಬಂದು ಕೊಂಡುಹೋದ ದಿನ ಬಾಲ್ಕನಿಯಲ್ಲಿ ನಿಂತು, ಅದು ತಿರುವು ದಾಟುವವರೆಗೆ ನೋಡಿದೆ. ಮಗಳನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಅದರ ಮೇಲೆಯೇ ಡ್ಯೂಟಿಗೆ ಹೋದವಳು ನಾನು. ಅಡುಗೆ ಮನೆಯ ಮೆಟ್ಟುಕತ್ತಿ, ಅಂದರೆ ನಾವು ನೆಲದಲ್ಲಿ ಕೂತು ಮೀನು ಕೊಯ್ಯುವ, ಕಾಯಿ ತುರಿಯುವ ಕತ್ತಿ, ಮದುವೆಯಾದ ವರ್ಷ ಅಮ್ಮ ಕೊಡಿಸಿದ್ದು. ಅದನ್ನು ಕೆಳಗಿನ ಮನೆಯವರಿಗೆ ಕೊಟ್ಟೆ. ಮರುದಿನ ಸಂಜೆ ಅವರ ಅಡುಗೆ ಮನೆಯಿಂದ ತೆಂಗಿನಕಾಯಿ ತುರಿಯುವ ಸದ್ದು ಬಂದಾಗ, ಅಯ್ಯೋ ನನ್ನ ಕತ್ತಿ ಅಂತ ಅಳು ಬಂತು. ಹಾಗೆ ಅಳು ಬಂದಷ್ಟೂ ನಾನು ಬಿರುಸಾದೆ. ಮಗಳು ತನ್ನ ಹಳೇ ಗೊಂಬೆಯ ಮೇಲಿನ ಹಸಿರು ಚೀಟಿ ಕಿತ್ತು ಹಳದಿ ಅಂಟಿಸಿದ್ದಕ್ಕೆ ಅವಳಿಗೆ ಬೊಬ್ಬೆ ಹೊಡೆದೆ. ಐದನೆಯ ವಾರ ಅಟ್ಟದ ಮೇಲಿದ್ದ ತೊಟ್ಟಿಲಿನ ಸರದಿ ಬಂದಾಗ, ಯಾವುದಕ್ಕೂ ಕೆಂಪು ಚೀಟಿ ಅಂಟಿಸುವಷ್ಟು ಗಟ್ಟಿಯಾಗಿದ್ದೆ.

ತೊಟ್ಟಿಲು ನನ್ನದಲ್ಲ. ಇದನ್ನೇ ನಾನು ಗಂಡನಿಗೆ ಹೇಳುವಾಗಲೂ ಮೆಲ್ಲಗೆ ಹಾರಿಸಿದ್ದು. ಅದು ಅಜ್ಜಿಯ ಅಮ್ಮನಿಗಾಗಿ ಮಾಡಿಸಿದ ಹಲಸಿನ ಮರದ ತೊಟ್ಟಿಲು, ನಾಲ್ಕು ಮೂಲೆಗೆ ಹಿತ್ತಾಳೆಯ ಸರಪಳಿ, ಮೇಲಿನ ಅಡ್ಡ ಕೋಲಿನಲ್ಲಿ ತಿರುಗುವ ಮರದ ಗಿಳಿಗಳು. ನಮ್ಮದು ಹೆಣ್ಣಿನ ಕಡೆಯಿಂದ ನಡೆಯುವ ಕುಟುಂಬ. ತೊಟ್ಟಿಲೂ ಹಾಗೆಯೇ, ಹೆಣ್ಣುಮಕ್ಕಳ ಕೈಯಿಂದ ಕೈಗೆ ಹೋಗುತ್ತದೆ. ಕೊನೆಯದಾಗಿ ಯಾರ ಮಗು ಮಲಗಿತೋ ಅವರ ಮನೆಯಲ್ಲಿ ಇರುತ್ತದೆ, ಇನ್ನೊಂದು ಮಗು ಹುಟ್ಟಿದರೆ ಅಲ್ಲಿಗೆ ಹೋಗುತ್ತದೆ. ಇಟ್ಟುಕೊಂಡವರು ಕಾಯುವವರು ಮಾತ್ರ. ನನ್ನ ಮಗಳ ನಂತರ ನಮ್ಮಲ್ಲಿ ಯಾರಿಗೂ ಮಕ್ಕಳಾಗದೆ ಹದಿನಾಲ್ಕು ವರ್ಷ ಅದು ನನ್ನಲ್ಲೇ ಉಳಿಯಿತು.

ಅದಕ್ಕೆ ಒಂದಷ್ಟು ಕಟ್ಟುಪಾಡು ಇತ್ತು. ಖಾಲಿ ತೂಗಬಾರದು, ಅದು ಎಲ್ಲರಿಗೂ ಗೊತ್ತಿರುವುದೇ. ನಮ್ಮ ಮನೆಯಲ್ಲಿ ಇನ್ನೊಂದು ಇತ್ತು, ಅದು ಬಹಳ ಖಡಕ್ಕು. ಮಗು ಹೊಟ್ಟೆಯಲ್ಲಿರುವಾಗ ಬಸುರಿ ತೊಟ್ಟಿಲಿನ ಸುದ್ದಿ ಎತ್ತಬಾರದು. ಕೇಳಬಾರದು, ತರಿಸಬಾರದು, ಅದನ್ನು ಮುಟ್ಟಿ ಒರೆಸಲೂ ಬಾರದು. ಮಗು ಹುಟ್ಟಿ, ಅದರ ಅಳು ಕಿವಿಗೆ ಬಿದ್ದ ಮೇಲೆಯೇ ಮನೆಯವರು ಹೋಗಿ ತರುವುದು. ಹದಿನಾರನೆಯ ದಿನ ರುಬ್ಬುವ ಗುಂಡುಕಲ್ಲನ್ನು ತೊಳೆದು, ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ, ಮೊದಲು ಅದನ್ನು ಮಲಗಿಸಿ, ಆಮೇಲೆ ಮಗು. ನಾನು ಬಸುರಿಯಾಗಿದ್ದಾಗ ತೊಟ್ಟಿಲಿಗೆ ಹೊಸ ಹಾಸಿಗೆ ಹೊಲಿಸುವಾ ಎಂದದ್ದಕ್ಕೆ ಅಮ್ಮ ನನ್ನ ಬಾಯಿಯ ಮೇಲೆ ಕೈ ಇಟ್ಟಿದ್ದರು. ನರ್ಸ್ ಆಗಿ ಇಂಥದ್ದನ್ನೆಲ್ಲ ನಂಬುವುದಾ ಅಂತ ಆಗ ನಕ್ಕಿದ್ದೆ. ಆದರೂ ಆ ಒಂಬತ್ತು ತಿಂಗಳು ಮತ್ತೆ ಅದರ ಸುದ್ದಿ ಎತ್ತಲಿಲ್ಲ.

ಇನ್ನು ತಂಗಿ. ಒಡಹುಟ್ಟಿದವಳಲ್ಲ, ಚಿಕ್ಕಮ್ಮನ ಮಗಳು. ನಮ್ಮಲ್ಲಿ ಅದಕ್ಕೆ ಬೇರೆ ಲೆಕ್ಕ ಇಲ್ಲ, ತಂಗಿ ಎಂದರೆ ತಂಗಿಯೇ. ಅವಳಿಗೆ ಹತ್ತೊಂಬತ್ತು ಆಗುವಾಗ ಚಿಕ್ಕಮ್ಮ ಹೋದರು. ಆಮೇಲೆ ನನ್ನ ಅಮ್ಮನೇ ಅವಳಿಗೆ ಅಮ್ಮ, ಕಾಪುವಿನ ನಮ್ಮ ಮನೆಯೇ ಅವಳಿಗೆ ತವರು. ಅಮ್ಮ ಅಲ್ಲಿ ನನ್ನ ತಮ್ಮನ ಸಂಸಾರದ ಜೊತೆ ಇದ್ದಾರೆ. ತಂಗಿಯನ್ನು ಕಾರ್ಕಳಕ್ಕೆ ಕೊಟ್ಟದ್ದು. ಗಂಡ ಗೂಡ್ಸ್ ಟೆಂಪೊ ಓಡಿಸುತ್ತಾನೆ, ಒಳ್ಳೆಯವನು, ಮಾತು ಕಡಿಮೆ. ಇವಳು ಪೇಟೆಯಲ್ಲಿ ಸಣ್ಣ ಅಂಗಡಿ ಹಾಕಿಕೊಂಡು ರವಿಕೆ ಹೊಲಿಯುತ್ತಾಳೆ. ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು. ಮೂರು ಸಲ ಬಸಿರು ನಿಂತು ಮೂರೂ ಸಲ ಹೋಗಿತ್ತು. ಮೂರೂ ಸಲ ಅವಳು ಮಣಿಪಾಲಕ್ಕೆ ಬಂದದ್ದು, ಮೂರೂ ಸಲ ಹಾಸಿಗೆಯ ಪಕ್ಕದಲ್ಲಿ ನಿಂತವಳು ನಾನು.

ಮೂರನೆಯದು ಹೋದ ದಿನ, ಅವಳಿಗೆ ಇನ್ನೂ ಡ್ರಿಪ್ ಹೋಗುತ್ತಿರುವಾಗಲೇ ಹೇಳಿದ್ದೆ. "ಇನ್ನು ಸಾಕು ಮಾರಾಯ್ತಿ. ಎಷ್ಟು ಅಂತ ದೇಹವನ್ನು ಹಿಂಸೆ ಮಾಡುವುದು? ಕೆಲವರಿಗೆ ಆಗುವುದಿಲ್ಲ, ಅಷ್ಟೇ. ಒಪ್ಪಿಕೊಂಡರೆ ನಿನಗೇ ನೆಮ್ಮದಿ." ಒಳ್ಳೆಯದಕ್ಕೇ ಹೇಳಿದೆ ಅಂತ ಆಗ ಅಂದುಕೊಂಡಿದ್ದೆ. ಡಾಕ್ಟರರು ಹಾಗೆ ಹೇಳಿರಲಿಲ್ಲ. ನಾನೇ ಹೇಳಿದ್ದು. ಅವಳು ಗೋಡೆಯ ಕಡೆ ಮುಖ ಮಾಡಿ ಹೂಂ ಎಂದಳು.

ಅದಕ್ಕೇ ನಾಲ್ಕನೆಯದು ನಿಂತಾಗ ಅವಳು ಮಣಿಪಾಲದ ದಾರಿಯನ್ನೇ ಹಿಡಿಯಲಿಲ್ಲ. ಕಾರ್ಕಳದಿಂದ ನಮ್ಮ ಮನೆಯ ಮುಂದಿನ ರಸ್ತೆಯಲ್ಲೇ ಬಸ್ಸಿನಲ್ಲಿ ಹಾದು, ಉಡುಪಿಯಲ್ಲಿ ಕಡಿಯಾಳಿಯ ಒಬ್ಬ ಡಾಕ್ಟರ ಹತ್ತಿರ ತೋರಿಸಿ, ಅದೇ ರಸ್ತೆಯಲ್ಲಿ ವಾಪಸು ಹೋಗುತ್ತಿದ್ದಳಂತೆ. ನಾನು ಬಾಲ್ಕನಿಯಲ್ಲಿ ಇದ್ದೇನೆಯೇ ಅಂತ ಕಿಟಕಿಯಿಂದ ನೋಡಿ ತಲೆ ತಗ್ಗಿಸುತ್ತಿದ್ದಳಂತೆ. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು.

ಆ ಭಾನುವಾರ ಬೆಳಿಗ್ಗೆ ಅವಳು ಪ್ಯಾಕಿಂಗಿಗೆ ಸಹಾಯ ಮಾಡಲಿಕ್ಕೆ ಅಂತ ಬಂದಳು. ನಾನೇ ಕರೆದದ್ದು, ಕರೆದದ್ದೇನು, ಬರಲೇಬೇಕು ಅಂತ ಹೇಳಿದ್ದು. ಬುತ್ತಿಯಲ್ಲಿ ನೀರುದೋಸೆ ತಂದಿದ್ದಳು. ಸಡಿಲ ಚೂಡಿದಾರ, ಮೇಲೆ ಅಗಲದ ಶಾಲು. ನಾನು ಬಾಗಿಲಲ್ಲೇ, "ಎಂತ, ದಪ್ಪ ಆಗಿದ್ದಿಯಾ? ಕೂತು ಕೂತು ಹೊಲಿದು ಹೊಟ್ಟೆ ಬಂದಿದೆ, ನಡಿ ಸ್ವಲ್ಪ" ಎಂದೆ. ಅವಳು ನಕ್ಕಳು. ಆರು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದ ಕಣ್ಣು ಇದು! ಬಸುರಿಯ ನಡಿಗೆ ನೋಡಿಯೇ ತಿಂಗಳು ಹೇಳುತ್ತೇನೆ ಅಂತ ಹುಡುಗಿಯರ ಎದುರು ಜಂಬ ಕೊಚ್ಚಿದವಳು ನಾನು. ಇವಳ ವಿಷಯದಲ್ಲಿ ಆ ಪುಸ್ತಕವನ್ನು ನಾನು ಮುಚ್ಚಿ ಇಟ್ಟಾಗಿತ್ತು, ಅದಕ್ಕೇ ಕಾಣಲಿಲ್ಲ.

ಪುಸ್ತಕದ ರಟ್ಟಿನ ಪೆಟ್ಟಿಗೆಗಳನ್ನು ಲಿಫ್ಟಿನವರೆಗೆ ಸಾಗಿಸಬೇಕಿತ್ತು. ಅವಳು ಒಂದನ್ನೂ ಎತ್ತಲಿಲ್ಲ. ಸೊಂಟ ನೋವು ಎಂದಳು. ಯಾವತ್ತೂ ಎರಡು ಕೊಡ ನೀರು ಒಟ್ಟಿಗೆ ಹೊರುವವಳು. "ಓಹೋ ಮಹಾರಾಣಿ, ಬಂದದ್ದು ಎಂತಕ್ಕೆ, ನನ್ನ ಮುಖ ನೋಡಲಿಕ್ಕಾ?" ಅಂತ ಕುಶಾಲು ಮಾಡಿದೆ. ಕುಶಾಲು ಅಂತ ಹೆಸರು, ಒಳಗೆ ನಿಜವಾಗಿ ಸಿಟ್ಟು ಬಂದಿತ್ತು. ಅವಳು ನೆಲದಲ್ಲಿ ಕೂತು ಮಗಳ ಬಟ್ಟೆಗಳನ್ನು ಮಡಚಿದಳು, ನಾನೇ ಪೆಟ್ಟಿಗೆಗಳನ್ನು ತಳ್ಳಿದೆ, ತಳ್ಳುವಾಗ ಅವಳಿಗೆ ಕೇಳುವ ಹಾಗೆ ಗೊಣಗಿದೆ.

ಹತ್ತೂವರೆಗೆ ತೊಟ್ಟಿಲು ನೋಡುವವರು ಬರುವವರಿದ್ದರು. ಮಟ್ಟುವಿನಲ್ಲಿ ಸಮುದ್ರದ ಬದಿಗೆ ಹೋಂಸ್ಟೇ ಮಾಡುತ್ತಿದ್ದ ಒಬ್ಬ ಯುವಕ. ಹಳೇ ಮರದ ಸಾಮಾನು ಬೇಕು ಅಂತ ನಮ್ಮ ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ಹಾಕಿಸಿದ್ದ, ನಾನು ಫೋಟೊ ಕಳಿಸಿದ್ದೆ. ಗಂಡನೂ ವಾಚ್‌ಮನ್ನೂ ಸೇರಿ ತೊಟ್ಟಿಲನ್ನು ಅಟ್ಟದಿಂದ ಇಳಿಸಿ ಹಾಲಿನ ನಡುವೆ ಇಟ್ಟರು. ತಂಗಿ ಮಡಚುತ್ತಿದ್ದ ಬಟ್ಟೆಯನ್ನು ಕೈಯಲ್ಲೇ ಹಿಡಿದು ನೋಡಿದಳು.

"ಇದು ಎಲ್ಲಿಗೆ ಅಕ್ಕ?"

"ಮಾರುವುದು. ಈಗ ಬರುತ್ತಾರೆ. ನೀನು ಒಂದು ಬಟ್ಟೆ ತೆಗೆದುಕೊಂಡು ಸ್ವಲ್ಪ ಒರೆಸು, ಧೂಳು ನೋಡು ಹೇಗೆ ಕೂತಿದೆ."

ಅವಳು ಏಳಲಿಲ್ಲ. "ನನಗೆ ಧೂಳು ಆಗುವುದಿಲ್ಲ" ಎಂದಳು. ಬಟ್ಟೆ ಮಡಚುತ್ತಾ, "ಕಾಪುವಿನಲ್ಲಿ ಇಟ್ಟರೆ ಆಗುವುದಿಲ್ಲವಾ? ತಮ್ಮನ ಹೊಸ ಕೋಣೆಯ ಮೇಲೆ ಜಾಗ ಉಂಟಲ್ಲ" ಎಂದಳು.

"ಜಾಗ ಇದ್ದರೆ ಹಳೇ ಸಾಮಾನು ತುಂಬಿಸುವುದಾ? ಗೆದ್ದಲು ತಿಂದರೆ ಯಾರು ನೋಡುವುದು?"

"ದೊಡ್ಡಮ್ಮನನ್ನು ಒಂದು ಮಾತು ಕೇಳಬಹುದಿತ್ತು ಅಲ್ವಾ?"

"ಕೇಳಿ ಆಯಿತು. ನಿನ್ನ ಇಷ್ಟ ಅಂದಿದ್ದಾರೆ."

ಸುಳ್ಳು. ಕೇಳಿರಲಿಲ್ಲ. ಕೇಳಿದರೆ ಬೇಡ ಎನ್ನುತ್ತಾರೆ ಅಂತ ಗೊತ್ತಿತ್ತು, ಅದಕ್ಕೇ ಕೇಳಿರಲಿಲ್ಲ. ಆಮೇಲೆ ನಾನು ಒರೆಸುವ ಬಟ್ಟೆಯನ್ನು ಅವಳ ಮಡಿಲಿಗೆ ಎಸೆದು, "ಇಷ್ಟಾದರೂ ಮಾಡು ಮಾರಾಯ್ತಿ" ಎಂದೆ. ಅವಳು ಎದ್ದಳು. ಮೆಲ್ಲಗೆ, ಒಂದೊಂದೇ ಕಂಬ, ಒಂದೊಂದೇ ಗಿಳಿ ಒರೆಸಿದಳು. ಬಾಯಿ ಬಿಟ್ಟು ಕೇಳಬಾರದ, ಮುಟ್ಟಲೂಬಾರದ ತೊಟ್ಟಿಲನ್ನು, ನಾಲ್ಕು ತಿಂಗಳ ಬಸುರಿಯ ಕೈಯಲ್ಲಿ ನಾನು ಒರೆಸಿಸಿದೆ. ಆ ಕಟ್ಟುಪಾಡಿನಲ್ಲಿ ಸತ್ಯ ಉಂಟೋ ಇಲ್ಲವೋ ಬೇರೆ ವಿಷಯ. ಅವಳು ನಂಬಿದ್ದಳು. ನಂಬಿಯೂ ಒರೆಸಿದಳು, ಯಾಕೆಂದರೆ ಕಾರಣ ಹೇಳಲಿಕ್ಕೆ ಅವಳಿಗೆ ಬಾಯಿ ಇರಲಿಲ್ಲ.

ಯುವಕ ಬಂದ. ಸುತ್ತ ತಿರುಗಿ ನೋಡಿದ, ಸರಪಳಿ ಎಳೆದು ನೋಡಿದ. ಒಳ್ಳೆಯವನೇ, ಪಾಪ, ಕೊನೆಗೆ ಒಮ್ಮೆ ಕೇಳಿದ. "ಮೇಡಂ, ಇಷ್ಟು ಹಳೆಯದು. ನಿಮ್ಮ ಮನೆಯಲ್ಲಿ ಮುಂದೆ ಯಾರಿಗಾದರೂ ಬೇಕಾಗಬಹುದಲ್ಲ?"

ತಂಗಿ ಚಹಾದ ಟ್ರೇ ಹಿಡಿದು ಅಡುಗೆ ಮನೆಯ ಬಾಗಿಲಲ್ಲಿ ಇದ್ದಳು. ನಾನು ಕಂಡಿದ್ದೆ. ಕಾಣಲಿಲ್ಲ ಅಂತ ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ.

"ಇಲ್ಲ ಮಾರಾಯರೇ" ಎಂದೆ. "ನಮ್ಮ ಪೈಕಿಯಲ್ಲಿ ಇನ್ನು ತೊಟ್ಟಿಲು ಬೇಕಾಗುವವರು ಯಾರೂ ಇಲ್ಲ."

ಅವಳು ಚಹಾ ಕೊಟ್ಟಳು. ಅವನಿಗೆ, ಗಂಡನಿಗೆ, ನನಗೆ. ನಾನು ಅಂದುಕೊಂಡದ್ದಕ್ಕಿಂತ ಹೆಚ್ಚೇ ಅವನು ಕೊಟ್ಟ, ನಾನು ಖುಷಿಯಲ್ಲಿದ್ದೆ. ತೊಟ್ಟಿಲನ್ನು ಹೊರಗೆ ಕೊಂಡುಹೋಗುವಾಗ ತಂಗಿ ತನ್ನ ಶಾಲನ್ನು ತೆಗೆದು ಮಡಚಿ ಅದರೊಳಗೆ ಇಟ್ಟಳು. ಅಲ್ಲಾಡುವ ತೊಟ್ಟಿಲು ಖಾಲಿ ಹೋಗಬಾರದು ಅಂತ. "ನಿನ್ನ ಶಾಲೂ ಹೋಯಿತಲ್ಲ ಪೆದ್ದಿ" ಎಂದು ನಾನು ನಕ್ಕೆ. ಮಧ್ಯಾಹ್ನ ಊಟ ಮಾಡದೆ, ಅರ್ಜೆಂಟು ಮದುವೆಯ ರವಿಕೆ ಉಂಟು ಅಂತ ಹೇಳಿ ಬಸ್ಸು ಹಿಡಿದಳು. ಶಾಲಿಲ್ಲದೆ ಹೋದದ್ದನ್ನೂ ನಾನು ಸರಿಯಾಗಿ ನೋಡಲಿಲ್ಲ, ಫ್ರಿಜ್ ಕೊಂಡುಹೋಗುವವರು ಬಂದಿದ್ದರು.

ನಾವು ಹೊರಟ ದಿನ ಅವಳು ವಿಮಾನ ನಿಲ್ದಾಣಕ್ಕೆ ಬರಲಿಲ್ಲ. ನಾನು ಎರಡು ವಾರ ಮುನಿಸಿಕೊಂಡೆ. ಆಮೇಲೆ ಫೋನಿನಲ್ಲಿ ಮಾತು ಶುರುವಾಯಿತು, ಆದರೆ ಅವಳು ಮುಖ ಕಾಣುವ ಕರೆ ಮಾಡುತ್ತಿರಲಿಲ್ಲ. ಡಾಟಾ ಇಲ್ಲ ಎನ್ನುತ್ತಿದ್ದಳು. ಡಾಟಾ ಇಲ್ಲದ ಕಾಲದಲ್ಲಿ ಹುಟ್ಟಿದ್ದಿಯಾ ಅಂತ ತಮಾಷೆ ಮಾಡುತ್ತಿದ್ದೆ. ಏಳನೆಯ ತಿಂಗಳಲ್ಲಿ ಅಮ್ಮನಿಗೆ ಹೇಳಿದಳಂತೆ. ಹೇಳುವಾಗಲೇ, ಹೆರಿಗೆಯಾಗುವವರೆಗೆ ಅಕ್ಕನಿಗೆ ಹೇಳಬೇಡಿ ದೊಡ್ಡಮ್ಮ ಅಂತ ಮಾತು ತೆಗೆದುಕೊಂಡಳಂತೆ. ಅಮ್ಮ ಅದನ್ನು ದೃಷ್ಟಿಯ ಹೆದರಿಕೆ ಅಂದುಕೊಂಡರು.

ಒಂದು ದಿನ ಬೆಳಿಗ್ಗೆ ಡ್ಯೂಟಿಗೆ ಹೋಗುವ ಬಸ್ಸಿಗೆ ಕಾಯುವಾಗ ಅಮ್ಮನ ಫೋನು ಬಂತು. ಅಮ್ಮ ಅಳುತ್ತಿದ್ದರು, ನಗುತ್ತಿದ್ದರು. "ಹೆಣ್ಣು ಮಗು. ಎರಡೂ ಜೀವ ಚೆನ್ನಾಗಿ ಉಂಟು." ಯಾರದ್ದು ಅಂತ ಕೇಳಿದೆ. ತಂಗಿಯ ಹೆಸರು ಹೇಳಿದರು. ನಾನು ಆ ಚಳಿಯಲ್ಲಿ ನಿಂತು ದೇವರೇ ದೇವರೇ ಎಂದೆ, ಪಕ್ಕದಲ್ಲಿದ್ದವರು ತಿರುಗಿ ನೋಡಿದರು. ನಿಜವಾಗಿ ಸಂತೋಷವಾಯಿತು, ಅದನ್ನೂ ಹೇಳಬೇಕು. ಅರ್ಧ ನಿಮಿಷ ಬರೀ ಸಂತೋಷ. ಆಮೇಲೆ ಅಮ್ಮ ಕೇಳಿದರು: "ತೊಟ್ಟಿಲನ್ನು ಮಣಿಪಾಲದಲ್ಲಿ ಯಾರ ಮನೆಯಲ್ಲಿ ಇಟ್ಟು ಹೋಗಿದ್ದಿ? ತಮ್ಮ ಹೋಗಿ ತರುತ್ತಾನೆ. ಹದಿನಾರಕ್ಕೆ ಬೇಕಲ್ಲ."

ಬಸ್ಸು ಬಂತು, ನಾನು ಹತ್ತಲಿಲ್ಲ. ತಿಂಗಳು ಲೆಕ್ಕ ಹಾಕಿದೆ. ನಾನು ಹಾಕುವ ಲೆಕ್ಕವೇ ಅದು, ಬೆರಳು ಬೇಡ. ಸಡಿಲ ಚೂಡಿದಾರ, ಎತ್ತದ ಪೆಟ್ಟಿಗೆ, ಮಡಿಲಿಗೆ ಎಸೆದ ಬಟ್ಟೆ, ಎಲ್ಲ ಒಂದರ ಮೇಲೊಂದು ಬಂತು. ಅಮ್ಮನಿಗೆ, "ಒಬ್ಬಳು ಗೆಳತಿಯ ಮನೆಯಲ್ಲಿ ಉಂಟು, ಅವಳು ಊರಲ್ಲಿ ಇಲ್ಲ, ನಾನು ವಿಚಾರಿಸಿ ಹೇಳುತ್ತೇನೆ" ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತು ಎಂದರೆ ನನಗೇ ಹೆದರಿಕೆಯಾಯಿತು.

ಮಟ್ಟುವಿನ ಯುವಕನಿಗೆ ಫೋನು ಮಾಡಿದೆ. ಕೊಟ್ಟದ್ದಕ್ಕಿಂತ ಹೆಚ್ಚು ಕೊಡುತ್ತೇನೆ, ತೊಟ್ಟಿಲು ವಾಪಸು ಬೇಕು ಎಂದೆ. ಅವನು ಮರ್ಯಾದೆಯಿಂದಲೇ ಮಾತಾಡಿದ, ಒಂದು ಫೋಟೊ ಕಳಿಸಿದ. ಒಂದು ಉದ್ದದ ಬದಿಯನ್ನು ಕೊಯ್ದು ತೆಗೆದು, ಮೆತ್ತೆ ಹಾಕಿ, ಜಗಲಿಯಲ್ಲಿ ಕೂರುವ ಉಯ್ಯಾಲೆ ಮಾಡಿದ್ದ. ಚೆಂದವಾಗಿಯೇ ಇತ್ತು. ಪ್ರವಾಸಕ್ಕೆ ಬಂದ ಯಾರೋ ಅದರಲ್ಲಿ ಕಾಲು ಮೇಲೆ ಹಾಕಿ ಕೂತಿದ್ದರು. ನಾನು ಅವನ ಮೇಲೆ ಕೂಗಾಡಿದೆ. ಕೊಂಡವನು ಅವನು, ಅವನಿಗೆ ಬೇಕಾದಂತೆ ಮಾಡಿಕೊಂಡ, ಅವನ ಮೇಲೆ ಕೂಗಾಡುವ ಹಕ್ಕು ನನಗೆ ಎಲ್ಲಿಂದ ಬಂತು?

ಕೊನೆಗೆ ತಂಗಿಗೆ ಕರೆ ಮಾಡಿದೆ. ಆಸ್ಪತ್ರೆಯ ಹಾಸಿಗೆಯಲ್ಲಿ ಇದ್ದಳು, ಈ ಸಲ ಮುಖ ತೋರಿಸಿದಳು, ಮಗುವನ್ನೂ ತೋರಿಸಿದಳು. ನಾನು ಮಗುವನ್ನು ಸರಿಯಾಗಿ ನೋಡದೆ ಗೋಳೋ ಅಂತ ಅತ್ತೆ. ಬಾಣಂತಿ ನನ್ನನ್ನು ಸಮಾಧಾನ ಮಾಡಬೇಕಾಯಿತು. "ಅಳಬೇಡ ಅಕ್ಕ. ತೊಟ್ಟಿಲಿನ ವಿಷಯ ನಾನು ನೋಡಿಕೊಳ್ಳುತ್ತೇನೆ. ನೀನು ದೊಡ್ಡಮ್ಮನಿಗೆ ಎಂತದೂ ಹೇಳಬೇಡ, ಅವರಿಗೆ ಬಿಪಿ ಉಂಟು" ಎಂದಳು. ಹೇಗೆ ನೋಡಿಕೊಳ್ಳುತ್ತಿ ಅಂತ ನಾನು ಕೇಳಲಿಲ್ಲ. ಕೇಳಬೇಕು ಅಂತ ಅನಿಸಿತು, ಕೇಳಲಿಲ್ಲ. ಆನ್‌ಲೈನಿನಲ್ಲಿ ಬಿಳಿ ಬಣ್ಣದ, ಬಲೆ ಇರುವ, ಚಕ್ರ ಇರುವ ದೊಡ್ಡ ತೊಟ್ಟಿಲೊಂದನ್ನು ಆರ್ಡರ್ ಮಾಡಿ ಕಾರ್ಕಳಕ್ಕೆ ಕಳಿಸಿದೆ. ಅಮ್ಮ ಮತ್ತೆ ಫೋನಿನಲ್ಲಿ ತೊಟ್ಟಿಲಿನ ಸುದ್ದಿ ತೆಗೆಯಲೇ ಇಲ್ಲ. ಅಬ್ಬಾ, ಮುಗಿಯಿತು ಅಂದುಕೊಂಡೆ.

ಮಗುವಿಗೆ ಹತ್ತು ತಿಂಗಳಾಗುವಾಗ ನಾನೊಬ್ಬಳೇ ರಜೆಯಲ್ಲಿ ಊರಿಗೆ ಬಂದೆ. ಮೂರನೆಯ ದಿನ ಅಮ್ಮನೊಡನೆ ಹೇಳಿ ತಂಗಿಯನ್ನೂ ಮಗುವನ್ನೂ ಕಾಪುವಿಗೆ ಊಟಕ್ಕೆ ಕರೆಸಿದೆ. ಕರೆಸುವಾ ಎಂದದ್ದಕ್ಕೆ ಅಮ್ಮ ಬೇಡ ಎನ್ನಲಿಲ್ಲ, ಹೂಂ ಎಂದೂ ಹೇಳಲಿಲ್ಲ. ತಂಗಿ ಬಂದು ಕಾಲು ತೊಳೆದು ಒಳಗೆ ಬಂದಾಗ ಅಮ್ಮ ಮಗುವನ್ನು ಎತ್ತಿಕೊಂಡರು, ಮುದ್ದು ಮಾಡಿದರು, ಆದರೆ ಅವಳ ಮುಖ ನೋಡಿ ಮಾತಾಡಲಿಲ್ಲ. ತಂಗಿ ಅಡುಗೆ ಮನೆಯ ಹೊಸ್ತಿಲ ಹೊರಗೆ ನಿಂತು, "ಎಂತಾದರೂ ಮಾಡಲಿಕ್ಕೆ ಉಂಟಾ ದೊಡ್ಡಮ್ಮ?" ಅಂತ ಕೇಳಿದಳು. ಆ ಮನೆಯಲ್ಲಿ ಕೇಳದೆ ಡಬ್ಬ ತೆಗೆದು ಬೆಲ್ಲ ತಿಂದು ಬೆಳೆದವಳು ಅವಳು. ಇದೆಂತ ಹೊಸ ಚಾಳಿ ಅಂತ ನನಗೆ ಆಶ್ಚರ್ಯವಾಯಿತು.

ಊಟಕ್ಕೆ ಕೂತೆವು. ಕುಚ್ಚಲಕ್ಕಿ ಅನ್ನ, ಬಂಗುಡೆಯ ಸಾರು. ಮಗುವಿಗೆ ನಿದ್ದೆ ಬಂದು ರಗಳೆ ಮಾಡಿತು. ತಂಗಿ ಎದ್ದು ಹಳೇ ಸೀರೆ ಕೇಳಿದಳು, ಜೋಲಿ ಕಟ್ಟಲಿಕ್ಕೆ. ಆಗ ಅಮ್ಮ ಬಾಯಿ ಬಿಟ್ಟರು, ನನ್ನ ಕಡೆ ತಿರುಗಿ, ಅವಳಿಗೆ ಕೇಳುವ ಹಾಗೆ.

"ಸೀರೆಯಲ್ಲಿ ತೂಗಬೇಕಂತೆ. ನಮ್ಮ ಅಜ್ಜಿಯ ತೊಟ್ಟಿಲು ಇವಳಿಗೆ ಆಗುವುದಿಲ್ಲ. ನಿನಗೆ ಹೇಳಿದಳೋ ಇಲ್ಲವೋ, ಮೂರು ಹೋದದ್ದು ಆ ತೊಟ್ಟಿಲಿನ ದೋಷದಿಂದ ಅಂತೆ, ಯಾರೋ ಹೇಳಿದರಂತೆ. ನನ್ನ ಮಗುವನ್ನು ಅದರಲ್ಲಿ ಮಲಗಿಸುವುದಿಲ್ಲ ಅಂತ ನನ್ನ ಮುಖಕ್ಕೇ ಹೇಳಿದಳು. ನಾವೆಲ್ಲ ಮಲಗಿ ಎದ್ದ ತೊಟ್ಟಿಲು! ಇವಳ ಅಮ್ಮನೂ ಅದರಲ್ಲೇ ಮಲಗಿದ್ದು. ಹಾಗಾದರೆ ಈ ಮನೆಯೂ ನಿನಗೆ ಬೇಡ ಎಂದೆ ನಾನು. ಇಪ್ಪತ್ತನೆಯ ದಿನವೇ ಹಸಿ ಬಾಣಂತಿ ಮಗುವನ್ನು ಎತ್ತಿಕೊಂಡು ಹೊರಟಳು. ಅಷ್ಟು ಸೊಕ್ಕು."

ತಂಗಿ ಸೀರೆಯ ಗಂಟು ಬಿಗಿಯುತ್ತಿದ್ದಳು. ತಿರುಗಲಿಲ್ಲ.

"ಹೋಗಲಿ ಬಿಡು" ಎಂದರು ಅಮ್ಮ, ನನ್ನ ಬಟ್ಟಲಿಗೆ ಇನ್ನೊಂದು ಮೀನು ಹಾಕುತ್ತಾ. "ನೀನಾದರೂ ಜೋಪಾನ ಮಾಡಿ ಇಟ್ಟಿದ್ದಿ. ನಿನ್ನ ಮಗಳ ಮಗುವಿಗೆ ಆಯಿತು."

ಅಲ್ಲಿ ನಾನು ಹೇಳಬೇಕಿತ್ತು. ಒಂದೇ ವಾಕ್ಯ ಸಾಕಿತ್ತು. ನಾಲಿಗೆಯ ತುದಿಗೆ ಬಂದಿತ್ತು ಅಂತ ಬರೆದರೆ ಸುಳ್ಳಾಗುತ್ತದೆ, ಬಂದಿರಲಿಲ್ಲ. ನಾನು ತಲೆ ತಗ್ಗಿಸಿ ಮುಳ್ಳು ಬಿಡಿಸಿದೆ. ಸಾರು ರುಚಿಯಾಗಿತ್ತು. ಇನ್ನೊಂದು ಸೌಟು ಅನ್ನ ಹಾಕಿಸಿಕೊಂಡೆ.

ಸಂಜೆ ಅವಳನ್ನು ಬಸ್ಸಿಗೆ ಬಿಡಲಿಕ್ಕೆ ಹೋದೆ. ಶಿರ್ವದ ಮೇಲೆ ಕಾರ್ಕಳಕ್ಕೆ ಹೋಗುವ ಬಸ್ಸು ತಡವಿತ್ತು. ಮುಚ್ಚಿದ ಅಂಗಡಿಯ ಕಟ್ಟೆಯಲ್ಲಿ ಕೂತೆವು. ಮಗು ಅವಳ ಬಳೆ ಕಚ್ಚುತ್ತಿತ್ತು. ಯಾಕೆ ಹಾಗೆ ಹೇಳಿದೆ ಮಾರಾಯ್ತಿ, ನಿನ್ನ ತವರನ್ನೇ ಯಾಕೆ ಕಳೆದುಕೊಂಡೆ, ನಾಳೆಯೇ ನಾನು ಅಮ್ಮನಿಗೆ ಎಲ್ಲ ಹೇಳಿಬಿಡುತ್ತೇನೆ ಎಂದೆ.

"ಬೇಡ ಅಕ್ಕ" ಎಂದಳು. "ಈಗ ಹೇಳಿದರೆ ನೀನು ಮಾರಿದ್ದೂ ಆಯಿತು, ನಾನು ಸುಳ್ಳು ಹೇಳಿದ್ದೂ ಆಯಿತು. ಅವರಿಗೆ ಇಬ್ಬರ ಮೇಲೂ ಬೇಜಾರು ಯಾಕೆ? ಒಬ್ಬಳ ಮೇಲೆ ಇದ್ದರೆ ಸಾಕು. ನೀನು ವರ್ಷಕ್ಕೊಮ್ಮೆ ಬರುವವಳು."

ಅದನ್ನು ಕೇಳಿ ನನ್ನ ಎದೆ ಹಗುರಾಯಿತು. ಮಾರಿದ್ದಕ್ಕಿಂತ, ಹೇಳಿದ ಸುಳ್ಳುಗಳಿಗಿಂತ, ಆ ಹಗುರಾದದ್ದಕ್ಕೆ ನನಗೆ ಹೆಚ್ಚು ನಾಚಿಕೆ. ಸರಿ ಎಂದೆ. ಎರಡನೆಯ ಸಲ ಒತ್ತಾಯವನ್ನೂ ಮಾಡಲಿಲ್ಲ.

ಸುಮ್ಮನೆ ಇರಲಾಗದೆ ಮತ್ತೆ ಕೇಳಿದೆ. "ಆ ದಿನವಾದರೂ ಒಂದು ಮಾತು ಹೇಳಬಾರದಿತ್ತಾ? ಶಾಸ್ತ್ರ ಹಾಳಾಗಲಿ, ಕಿವಿಯಲ್ಲಿ ಹೇಳಿದ್ದರೂ ಸಾಕಿತ್ತು. ನಾನು ಅವನನ್ನು ಬಾಗಿಲಿಂದಲೇ ಕಳಿಸುತ್ತಿದ್ದೆ."

"ಹೇಳುವಾ ಅಂತಲೇ ಬಂದಿದ್ದೆ" ಎಂದಳು. "ತೊಟ್ಟಿಲಿನದ್ದಲ್ಲ, ಮಗುವಿನದ್ದು. ನೀನು ದೂರ ಹೋಗುತ್ತಿದ್ದಿಯಲ್ಲ. ನೀರುದೋಸೆ ತಿನ್ನುವಾಗ ಹೇಳುವಾ, ಚಹಾ ಆದ ಮೇಲೆ ಹೇಳುವಾ ಅಂತ ಇದ್ದೆ. ಆಮೇಲೆ ಅವರ ಹತ್ತಿರ ನೀನು, ತೊಟ್ಟಿಲು ಬೇಕಾಗುವವರು ಯಾರೂ ಇಲ್ಲ ಅಂದೆ. ನೀನು ನರ್ಸ್ ಅಲ್ವಾ ಅಕ್ಕ, ನನ್ನ ಮೂರನ್ನೂ ನೋಡಿದವಳು. ನನ್ನನ್ನು ನೋಡಿ ನಿನಗೆ ಗೊತ್ತಾಗಿರಬೇಕು, ಇದೂ ನಿಲ್ಲುವುದಿಲ್ಲ ಅಂತ ಕಂಡಿರಬೇಕು ಅಂದುಕೊಂಡೆ. ಆಮೇಲೆ ಐದು ತಿಂಗಳು ದಿನಾ ಬೆಳಿಗ್ಗೆ ಎದ್ದ ಕೂಡಲೇ ಮೊದಲು ಬಟ್ಟೆ ನೋಡಿಕೊಳ್ಳುತ್ತಿದ್ದೆ, ಇವತ್ತು ಹೋಗಿರಬಹುದಾ ಅಂತ."

ಅವಳು ಇದನ್ನು ದೂರುವ ಹಾಗೆ ಹೇಳಲಿಲ್ಲ. ಹೋದ ವಾರದ ಸೆಕೆಯ ಸುದ್ದಿ ಹೇಳುವ ಹಾಗೆ ಹೇಳಿದಳು. ಬಸ್ಸು ಬಂತು. ಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡು, ಮಗುವನ್ನು ಸೊಂಟಕ್ಕೆ ಏರಿಸಿ, ಹತ್ತಿದಳು. ಕಂಡಕ್ಟರ್ ವಿಸಿಲ್ ಊದಿದ.

ಅಮ್ಮನಿಗೆ ನಾನು ಇನ್ನೂ ಹೇಳಿಲ್ಲ. ಅವರಿಗೆ ಈಗ ಸಣ್ಣ ಅಕ್ಷರ ಓದಲಿಕ್ಕೆ ಆಗುವುದಿಲ್ಲ. ಆ ಧೈರ್ಯದಿಂದಲೇ ಇದನ್ನು ಬರೆದದ್ದು.